ಮಗುಚಿ ಹಾಕಿದ ಅಮ್ಮ

ಗೀರಕ್ಕನಿಗೆ ಸಿಟ್ಟು ಬಂದರೆ ಮೊದಲು ಮಾತು ನಿಲ್ಲುತ್ತದೆ. ನಿಂತ ಮಾತು ಮತ್ತೆ ಶುರುವಾಯಿತೆಂದರೆ ಎದುರಿಗಿದ್ದವರು ಕಾಲಿಗೆ ಬುದ್ಧಿ ಹೇಳುವುದೇ ವಾಸಿ. ಅಂಚೆಚೀಟಿ ಮುದ್ರಿಸುವ ಪ್ರೆಸ್ಸಿನವರಿಗೆಲ್ಲ ಇದು ಗೊತ್ತಿತ್ತು. ಹಾಗಾಗಿ ಆ ಬೆಳಿಗ್ಗೆ, ಯಂತ್ರದಿಂದ ಇಳಿದ ಮೊದಲ ಹಾಳೆಯ ಮೇಲೆ ಬಗ್ಗಿ ಭೂತಗನ್ನಡಿ ಹಿಡಿದಿದ್ದ ಅವಳು ಇದ್ದಕ್ಕಿದ್ದಂತೆ ಸುಮ್ಮನಾದಾಗ, ಪಕ್ಕದಲ್ಲಿದ್ದ ಇಬ್ಬರು ಕೆಲಸಗಾರರು ಏನೋ ನೆನಪಾದವರ ಹಾಗೆ ಕಾಗದದ ಗೋದಾಮಿನ ಕಡೆ ನಡೆದುಬಿಟ್ಟರು. ಉಳಿದವನು ಅಂಚೆ ಇಲಾಖೆಯ ಕಲಾ ಸಲಹೆಗಾರ ಒಬ್ಬನೇ. ಅವನು ಹೊಸಬ. ನಗುತ್ತಾ ನಿಂತಿದ್ದ.

"ಹೇಗೆ ಬಂದಿದೆ ಮೇಡಂ? ಕಪ್ಪು ಎಷ್ಟು ಚೆನ್ನಾಗಿ ಕೂತಿದೆ ನೋಡಿ."

ಕಪ್ಪು ಚೆನ್ನಾಗಿಯೇ ಕೂತಿತ್ತು. ಹಾಳೆಯ ತುಂಬ ದುಡಿಯುವವರ ನಾಲ್ಕು ಚೀಟಿಗಳು ಸಾಲುಸಾಲಾಗಿ ನಿಂತಿದ್ದವು. ನಾಲ್ಕೂ ಗೀರಕ್ಕನ ಕೆಲಸವೇ. ಕಮ್ಮಾರನನ್ನು ಅವಳು ಲಿನೋಲಿಯಂ ಹಾಳೆಯಲ್ಲಿ ದಪ್ಪದಪ್ಪಗೆ ಕೆತ್ತಿದ್ದಳು, ಸುತ್ತಿಗೆಯ ಭಾರ ಕಾಣಲಿ ಎಂದು. ಗಾಜು ಊದುವವನನ್ನು ತಾಮ್ರದ ತಗಡಿನ ಮೇಲೆ ಆಸಿಡ್ಡಿನಲ್ಲಿ ಕೊರೆಸಿದ್ದಳು, ಗೆರೆ ಕೂದಲಿನಷ್ಟು ತೆಳ್ಳಗಿರಲಿ ಎಂದು. ಬುಟ್ಟಿ ಹೆಣೆಯುವವಳು ಕಲ್ಲಚ್ಚಿನಿಂದ ಬಂದವಳು, ಮೈಯೆಲ್ಲ ಸೀಸದ ಕಡ್ಡಿಯ ಮೆದು. ನಾಲ್ಕನೆಯದು ಕತ್ತರಿ ಹಿಡಿದ ದರ್ಜಿ ಹೆಂಗಸು. ಅದು ಮರದಚ್ಚು. ಅಂಗೈಯಗಲದ ಗಟ್ಟಿ ಮರದ ತುಂಡಿನ ಮೇಲೆ ಒಂದೊಂದೇ ಗೆರೆ ಎಬ್ಬಿಸಿ, ಚಳಿಗಾಲ ಪೂರ್ತಿ ಕೂತು ಮಾಡಿದ್ದು.

ಆ ಹೆಂಗಸು ಗೀರಕ್ಕನ ಅಮ್ಮ. ಅಮ್ಮ ಎಡಚಿ. ಊಟ, ಬರಹ, ಬೈಯುವಾಗ ಎತ್ತುವ ಬೆರಳು ಎಲ್ಲವೂ ಎಡಗೈಯದೇ. ಹಾಳೆಯ ಮೇಲಿದ್ದವಳು ಮಾತ್ರ ಕತ್ತರಿಯನ್ನು ಬಲಗೈಯಲ್ಲಿ ಹಿಡಿದಿದ್ದಳು.

"ಇದನ್ನ ಮಗುಚಿದ್ದು ಯಾರು?" ಎಂದಳು ಗೀರಕ್ಕ.

ಸಲಹೆಗಾರನ ನಗು ಇನ್ನಷ್ಟು ಅಗಲವಾಯಿತು. ಯಾರೋ ಹೊಗಳುತ್ತಾರೆ ಎಂದು ಕಾಯುತ್ತಿದ್ದವನ ಮುಖ ಅದು. "ನಾನೇ ಮೇಡಂ. ಕಣ್ಣಿಗೆ ಬಿತ್ತು. ನಾನೂ ಒಂದು ಕಾಲದಲ್ಲಿ ಮರ ಕೆತ್ತಿದವನೇ ಅಲ್ವಾ? ಎಂಥ ಕೈಗೂ ಒಂದೊಂದ್ಸಲ ತಪ್ಪುತ್ತೆ. ನಿಮ್ಮ ಅಚ್ಚಿನ ಫಿಲ್ಮ್ ತೆಗೆದಿದ್ವಲ್ಲ, ಅದನ್ನ ಮಗುಚಿ ಹಾಕ್ಸಿದೆ, ಆಯ್ತು. ಚಿತ್ರ ಒಪ್ಪೋ ಸಮಿತಿಯವರಿಗೆ ಗೊತ್ತೇ ಆಗ್ಲಿಲ್ಲ. ನಿಮ್ಮ ಮರ್ಯಾದೆ ಉಳೀತು."

ಅವನು ಯಾವ ತಪ್ಪಿನ ಮಾತಾಡುತ್ತಿದ್ದಾನೆಂದು ಅಚ್ಚಿನ ಕೆಲಸದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಚ್ಚಿನ ಮೇಲೆ ಕೆತ್ತಿದ್ದು ಕಾಗದದ ಮೇಲೆ ತಿರುವುಮುರುವಾಗಿ ಬೀಳುತ್ತದೆ. ಎಡಕ್ಕಿದ್ದದ್ದು ಬಲಕ್ಕೆ, ಬಲಕ್ಕಿದ್ದದ್ದು ಎಡಕ್ಕೆ. ಆದ್ದರಿಂದ ಕೆತ್ತುವವರು ಎಲ್ಲವನ್ನೂ ಮೊದಲೇ ತಿರುಗಿಸಿ ಕೆತ್ತಬೇಕು. ಹೊಸಬರು ಅದನ್ನು ಮರೆತು ಕಂಡದ್ದನ್ನು ಕಂಡ ಹಾಗೆ ಕೆತ್ತುತ್ತಾರೆ. ಕಾಗದ ಎತ್ತಿ ನೋಡಿದರೆ ಸಿಪಾಯಿ ಎಡಗೈಯಲ್ಲಿ ಕತ್ತಿ ಹಿಡಿದು ನಿಂತಿರುತ್ತಾನೆ. ಗೀರಕ್ಕ ಶಾಲೆ ಬಿಟ್ಟು ಮೊದಲು ಸೇರಿದ ಲೇಬಲ್ ಪ್ರೆಸ್ಸಿನಲ್ಲಿ ಈ ತಪ್ಪಿಗೆ ಒಂದು ಹೆಸರೇ ಇತ್ತು. "ಲೇ, ನಿಂದು ಎಡಗೈ ಆಯ್ತಲ್ಲೋ!" ಎಂದು ಯಾರಾದರೂ ಕೂಗಿದರೆ ಇಡೀ ಪ್ರೆಸ್ಸು ನಕ್ಕು ಮಗುಚಿಕೊಳ್ಳುತ್ತಿತ್ತು. ಹುಡುಗಿ ಮಾತ್ರ ತಲೆ ತಗ್ಗಿಸಿಕೊಂಡು ಬೆಂಕಿಪೊಟ್ಟಣದ ಚೀಟಿಗೆ ಹುಲಿ ಕೆತ್ತುತ್ತಿದ್ದಳು. ಮನೆಗೆ ಹೋದರೆ ಎಡಗೈಯಲ್ಲೇ ತಟ್ಟೆಗೆ ಬಡಿಸುವ ಅಮ್ಮ ಇದ್ದಳು.

ಆ ಪ್ರೆಸ್ಸಿನಿಂದ ಇಲ್ಲಿಯವರೆಗೆ ಅವಳು ಕೆತ್ತದ ವಸ್ತುವಿಲ್ಲ. ಔಷಧಿ ಸೀಸೆಯ ಚೀಟಿ, ಬಿಸ್ಕತ್ತು ಡಬ್ಬಿಯ ನವಿಲು, ಸಿನಿಮಾ ಪೋಸ್ಟರು, ಮಕ್ಕಳ ಪುಸ್ತಕದ ಆನೆ, ಗೋಡೆಯಗಲದ ಮರದಚ್ಚುಗಳು, ಆಮೇಲೆ ಅಂಚೆಚೀಟಿಗಳು. ಹಕ್ಕಿಗಳ ಚೀಟಿ ಬಂದ ವರ್ಷ ಊರಲ್ಲಿ ಅರ್ಧ ಜನ ಅದನ್ನು ಲಕೋಟೆಗೆ ಅಂಟಿಸದೆ ಇಟ್ಟುಕೊಂಡರು. ಯಾವಾಗ ನೋಡಿದರೂ ಏನಾದರೊಂದರ ಮೇಲೆ ಗೀರುತ್ತಾ ಕೂತಿರುತ್ತಾಳೆಂದು ಗೀರಕ್ಕ ಎಂಬ ಹೆಸರು ಬಿತ್ತು. ಇಷ್ಟೆಲ್ಲ ಮಾಡಿದವಳಿಗೆ ಈಗ ಈ ಮನುಷ್ಯ ಬಂದು ನೀನು ಕಲಿಯುವ ಹುಡುಗಿಯ ತಪ್ಪು ಮಾಡಿದ್ದೀಯ, ನಾನು ಮುಚ್ಚಿ ಹಾಕಿದ್ದೇನೆ ಎನ್ನುತ್ತಿದ್ದ. ಅದೂ ಉಪಕಾರದ ಧ್ವನಿಯಲ್ಲಿ. ಗೀರಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

"ಅದು ತಪ್ಪಲ್ಲ. ಅವಳು ಎಡಗೈಯವಳು. ಬದುಕಿದ್ದಾಳೆ. ಎರಡು ಬೀದಿ ಆಚೆ ಅಂಗಡಿ ಇದೆ. ಹೋಗಿ ಒಂದು ಷರಾಯಿ ಹೊಲಿಸ್ಕೊಂಡು ಬನ್ನಿ, ಯಾವ ಕೈ ಅಂತ ಗೊತ್ತಾಗುತ್ತೆ."

ಸಲಹೆಗಾರನ ನಗು ಕರಗಿತು. "ಮೇಡಂ, ನಾನು ಕೇಳದೆ ಮಾಡಿಲ್ಲ. ಪ್ರೂಫ್ ನಿಮ್ಮ ಮನೆಗೆ ಕಳಿಸಿದ್ದೆ. ಫೋನೂ ಮಾಡಿದ್ದೆ. ನಿಮ್ಮ ಕಣ್ಣಿಗೆ ಪಟ್ಟಿ ಕಟ್ಟಿದ್ರಂತಲ್ಲ ಆಗ? ನಿಮ್ಮ ತಮ್ಮ ಮಾತಾಡಿದ್ರು. 'ಹೌದು ಸಾರ್, ಅಕ್ಕ ಅವಸರದಲ್ಲಿ ಉಲ್ಟಾ ಕೆತ್ತಿದಾಳೆ, ನೀವೇ ಸರಿ ಮಾಡ್ಬಿಡಿ' ಅಂದ್ರು. ನಿಮ್ಮ ಪರವಾಗಿ ಸಹಿ ಹಾಕಿ ಕಳಿಸಿದ್ದೂ ಅವರೇ."

ಗೀರಕ್ಕನ ಮಾತು ಎರಡನೇ ಸಲ ನಿಂತಿತು.

ಆಸಿಡ್ಡಿನ ಹೊಗೆ ಹೊಡೆದು ಅವಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದದ್ದು ನಿಜ. ಆಗ ತಮ್ಮ ಬಂದು ಮನೆಯಲ್ಲಿದ್ದು ನೋಡಿಕೊಂಡದ್ದೂ ನಿಜ. ಅವಳ ಕಚೇರಿ ವ್ಯವಹಾರವೆಲ್ಲ ಮೊದಲಿನಿಂದಲೂ ಅವನದೇ. ಫೋನಿನಲ್ಲಿ ಅವಳು ಮಾತಾಡಿದರೆ ಆ ಕಡೆಯವರು ಎರಡನೇ ಸಲ ಫೋನ್ ಮಾಡುವುದಿಲ್ಲ. ತಮ್ಮನ ಮಾತಾದರೋ ಕರಗಿಸಿ ಸುರಿದ ಹಾಗೆ. ಬೀದಿಯವರು ಅವನಿಗೆ ಬೆಣ್ಣೆ ಎಂದೇ ಹೆಸರಿಟ್ಟಿದ್ದರು.

"ಹಿಂದೆ ಹೇಗಿತ್ತೋ ಹಾಗೆ ಮಾಡಿ," ಎಂದಳು.

"ಆಗಲ್ಲ ಮೇಡಂ. ಸಮಿತಿ ಒಪ್ಪಿದ್ದು ಈ ಹಾಳೆಯನ್ನ. ಬದಲಾಯಿಸ್ಬೇಕಾದ್ರೆ ಮತ್ತೆ ಸಮಿತಿ ಸೇರ್ಬೇಕು. ಶುಕ್ರವಾರ ಬಿಡುಗಡೆ, ಮಂತ್ರಿಗಳು ಬರ್ತಾರೆ." ಅವನು ಕೈ ಉಜ್ಜಿಕೊಂಡ. "ಒಂದೋ ಇದು ಹೀಗೇ ಹೋಗ್ಬೇಕು. ಇಲ್ಲಾಂದ್ರೆ ಇದನ್ನ ತೆಗೆದು, ಸಮಿತಿ ಮೊದಲೇ ಒಪ್ಪಿರೋ ಇನ್ನೊಂದು ಚಿತ್ರ ಹಾಕ್ಬೇಕು. ಕುಂಬಾರಂದೊಂದಿದೆ."

"ಯಾರು ಬರೆದದ್ದು?"

ಅವನು ಯಂತ್ರದ ಕಡೆ ನೋಡಿದ. "ನಂದೇ."

"ಓಹೋ."

"ಮೇಡಂ, ದೇವರಾಣೆಗೂ ನಾನು ಆ ಉದ್ದೇಶದಿಂದ..."

"ಉದ್ದೇಶ ನಿಮ್ಮ ಜೇಬಲ್ಲಿರಲಿ. ಎಷ್ಟು ಹೊತ್ತಿನೊಳಗೆ ಹೇಳ್ಬೇಕು?"

"ಸಂಜೆ ಯಂತ್ರ ಶುರುವಾಗೋದ್ರೊಳಗೆ ಹೇಳ್ಬಿಡಿ. ಆದರೆ ಒಂದು ಮಾತು. ಉಗುರಿನಷ್ಟು ಚಿತ್ರ. ಯಾವ ಕೈ ಅಂತ ಯಾರು ನೋಡ್ತಾರೆ?"

ಗೀರಕ್ಕ ಒಂದು ಹಾಳೆ ಎಳೆದುಕೊಂಡು, ಸುರುಳಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಹೊರಟಳು. ಹಾಳೆ ಹೊರಗೆ ಒಯ್ಯಬಾರದು ಎಂಬ ಫಲಕ ಬಾಗಿಲ ಮೇಲೆಯೇ ಇತ್ತು. ಕಾವಲುಗಾರ ಅವಳ ಮುಖ ನೋಡಿದ, ಆಮೇಲೆ ತನ್ನ ಬೂಟಿನ ಲಾಡಿ ನೋಡಿಕೊಂಡ.

ಅವಳ ತಮ್ಮ ಶಾಲೆಯೊಂದರಲ್ಲಿ ಮೇಷ್ಟ್ರು. ಅವಳು ಹೋದಾಗ ಮೇಷ್ಟ್ರುಗಳ ಕೋಣೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದ. ಇನ್ನಿಬ್ಬರು ಮೇಷ್ಟ್ರುಗಳು ಚಹಾ ಕುಡಿಯುತ್ತಿದ್ದರು. ಗೀರಕ್ಕ ಹಾಳೆಯನ್ನು ಅವನ ಪತ್ರಿಕೆಗಳ ಮೇಲೆಯೇ ಹರಡಿ, ಅಮ್ಮನ ಮೇಲೆ ಬೆರಳಿಟ್ಟಳು.

"ಇದೇನಪ್ಪಾ ಬೆಣ್ಣೆ?"

ಅವನು ನೋಡಿದ. ಗೊತ್ತಾಯಿತು. ಎದ್ದು ನಿಂತ. "ಅಕ್ಕಾ, ಹೊರಗೆ ಹೋಗಿ ಮಾತಾಡೋಣ."

"ಯಾಕೆ? ಇವರೂ ನೋಡ್ಲಿ. ನೀನು ತಿದ್ದಿದ್ದು ಅಲ್ವಾ? ಮೇಷ್ಟ್ರು ತಿದ್ದಿದ್ದನ್ನ ಎಲ್ಲರಿಗೂ ತೋರಿಸ್ಬೇಕಪ್ಪ."

ಚಹಾ ಕುಡಿಯುತ್ತಿದ್ದವರು ಲೋಟ ಸಮೇತ ಹೊರಗೆ ಹೋದರು. ಬೆಣ್ಣೆ ಬಾಗಿಲು ಮುಂದೆ ಮಾಡಿದ. ಅವನ ಧ್ವನಿ ಮೊದಲಿನ ಹಾಗೆಯೇ ಮೃದುವಾಗಿತ್ತು. "ಕೂತ್ಕೋ. ನೀರು ಕುಡಿ. ಅಂಚೆಚೀಟಿ ಅಕ್ಕ ಅದು, ಇಷ್ಟೇ ಇಷ್ಟು. ಯಾವ ಕೈ ಅಂತ ಯಾರು ನೋಡ್ತಾರೆ?"

"ಯಾರೂ ನೋಡಲ್ಲ ಅಂದ್ಮೇಲೆ ನಿಂಗ್ಯಾಕೋ ಬೇಕಿತ್ತು ಮಗುಚೋ ಉಸಾಬರಿ?"

ಅವನು ಪತ್ರಿಕೆಗಳನ್ನು ಜೋಡಿಸಲು ಹೋದ. ಅವಳು ಅವುಗಳ ಮೇಲೆ ಕೈ ಊರಿದಳು.

"ನನ್ನ ತಪ್ಪು ಅಂದೆಯಂತೆ. ಅವಸರದಲ್ಲಿ ಕೆತ್ತಿದಾಳೆ ಅಂದೆಯಂತೆ. ಚಳಿಗಾಲ ಪೂರ್ತಿ ನನ್ನ ಬೆನ್ನು ನೋಡಿದೀಯ ನೀನು. ಅವಸರಾನಾ ಅದು?"

"ಸುಮ್ನೆ ಒಂದು ಮಾತಿಗೆ ಅಂದೆ."

"ಸುಮ್ನೆ ಅಂದದ್ದಲ್ಲ. ನಿಂಗೆ ನಾಚಿಕೆ. ಅಮ್ಮನ ಕೈ ಕಂಡ್ರೆ ನಿಂಗೆ ಇವತ್ತಿಗೂ ನಾಚಿಕೆ."

ಆಗ ಬೆಣ್ಣೆಯ ಮುಖ ಬಿಗಿಯಿತು. ಅವಳು ಅವನನ್ನು ಹಾಗೆ ನೋಡಿ ಬಹಳ ವರ್ಷಗಳಾಗಿದ್ದವು.

"ಹೌದು, ನಾಚಿಕೆ. ಏನೀಗ? ನೀನು ಶಾಲೆ ಬಿಟ್ಟು ಪ್ರೆಸ್ಸಿಗೆ ಹೋದೆ. ಅಲ್ಲಿ ಉಳಿದೋನು ನಾನು. ಎಡಚಿ ಮಗ ಬಂದ, ಎಡಚಿ ಮಗ ಹೋದ. ಅಂಗಿ ಗುಂಡಿ ಯಾವ ಕಡೆ ಇದೆ ನೋಡೋಣ ಅಂತ ಮೈಮೇಲಿನ ಅಂಗಿ ಬಿಚ್ಚಿಸೋರು. ಅಮ್ಮ ಬಂದು ಮೇಷ್ಟ್ರ ಎದುರಿಗೆ ಎಡಗೈಲಿ ಸಹಿ ಹಾಕಿದ್ಲು ಅಂತ ಒಂದು ವರ್ಷ ಆಡ್ಕೊಂಡ್ರು. ನಾನೀಗ ಅದೇ ಥರದ ಕೋಣೇಲಿ ನಿಂತು ಪಾಠ ಹೇಳ್ತೀನಿ. ಅದನ್ನ ಊರಿಗೆಲ್ಲ ಅಂಟಿಸ್ತೀನಿ ಅಂತೀಯಲ್ಲ ನೀನು, ಮನೆಮನೆಗೂ ಹೋಗುತ್ತೆ ಅದು!"

"ಹೋಗ್ಲಿ ಅಂತಲೇ ಕಣೋ ಕೆತ್ತಿದ್ದು!"

ಹೊರಗೆ ಮಕ್ಕಳ ಗಲಾಟೆ ನಿಂತಿತು. ಗೀರಕ್ಕ ಧ್ವನಿ ತಗ್ಗಿಸಿದಳು. ತಗ್ಗಿದ ಧ್ವನಿಯೇ ಹೆಚ್ಚು ಸುಡುವಂತಿತ್ತು. "ನಿನ್ನ ತರಗತೀಲಿ ಯಾವ ಮಗುವಾದ್ರೂ ಎಡಗೈಲಿ ಬರೆದ್ರೆ ಏನು ಮಾಡ್ತೀಯ?"

ಬೆಣ್ಣೆ ಕಿಟಕಿಯ ಕಡೆ ತಿರುಗಿದ.

"ಹೇಳೋ."

"ಬಲಗೈ ರೂಢಿ ಮಾಡ್ಕೋ ಅಂತೀನಿ. ಹೊಡೆಯಲ್ಲ."

"ಹೊಡೆಯಲ್ಲ! ಎಂಥ ದೊಡ್ಡ ಮನಸ್ಸಪ್ಪ ನಿಂದು." ಅವಳು ಹಾಳೆ ಸುತ್ತಿದಳು. "ನಡಿ. ಇದನ್ನೆಲ್ಲ ಅಮ್ಮನ ಮುಂದೆ ಹೇಳು ನಡಿ."

"ಅಮ್ಮನಿಗೆ ಯಾಕೆ ಹೇಳೋದು? ಚೀಟಿ ಬರುತ್ತೆ ಅಂತ ಕುಣೀತಿದಾಳೆ. ಬೀದಿಗೆಲ್ಲ ಸಾರಿದಾಳೆ. ನೀನು ಹಟಕ್ಕೆ ಬಿದ್ದು ಅದನ್ನ ತೆಗೆಸಿದ್ರೆ ಅವಳ ಮುಖ ಏನಾಗುತ್ತೆ, ಯೋಚ್ನೆ ಮಾಡಿದೀಯಾ?"

ಆ ಮಾತು ಸರಿಯಾಗಿ ತಗುಲಿತು. ದಾರಿಯುದ್ದಕ್ಕೂ ಗೀರಕ್ಕ ಅದನ್ನೇ ಯೋಚಿಸಿದಳು. ಅಮ್ಮ ನಿಜಕ್ಕೂ ಬೀದಿಗೆಲ್ಲ ಸಾರಿದ್ದಳು. ಇಸ್ತ್ರಿ ಅಂಗಡಿಯವನಿಗೆ, ಬೇಕರಿಯ ಹೆಂಗಸಿಗೆ, ಅಳತೆ ಕೊಡಲು ಬಂದ ಅಪರಿಚಿತರಿಗೆ ಕೂಡ. "ಇನ್ಮೇಲೆ ನನ್ನ ಮುಖಕ್ಕೆ ಸರ್ಕಾರದ ಮುದ್ರೆ ಕಣಪ್ಪಾ, ಬಟ್ಟೆ ತಡವಾದ್ರೆ ಯಾರೂ ಬೈಯೋ ಹಾಗಿಲ್ಲ" ಎಂದು ನಗಿಸಿದ್ದಳು. ಚೀಟಿಯನ್ನು ಹೀಗೇ ಬಿಟ್ಟರೆ ಅಮ್ಮ ಇರುತ್ತಾಳೆ, ಅಮ್ಮನ ಕೈ ಇರುವುದಿಲ್ಲ. ತೆಗೆಸಿದರೆ ಅಮ್ಮನೇ ಇರುವುದಿಲ್ಲ. ಸಿಟ್ಟು ತನ್ನದು, ನಷ್ಟ ಅಮ್ಮನದು. ಹೀಗೊಂದು ಲೆಕ್ಕ ಎದುರಿಗೆ ನಿಂತದ್ದಕ್ಕೆ ಅವಳಿಗೆ ಮತ್ತೂ ಸಿಟ್ಟು ಬಂತು. ಹಿಂದೆ ತಲೆ ಬಗ್ಗಿಸಿಕೊಂಡು ಬರುತ್ತಿದ್ದ ತಮ್ಮನ ಕಡೆ ತಿರುಗಿ, "ಬೇಗ ಬೇಗ ಕಾಲು ಹಾಕೋ" ಎಂದು ಗದರಿದಳು.

ಅಮ್ಮನ ಹೊಲಿಗೆ ಅಂಗಡಿ ಎಂದರೆ ಒಂದೇ ಕೋಣೆ. ಕತ್ತರಿಸುವ ಉದ್ದ ಮೇಜು, ಅದರ ಎದುರಿಗೆ ಗಿರಾಕಿಗಳು ನೋಡಿಕೊಳ್ಳಲೆಂದು ನೆಲದಿಂದ ಎದ್ದ ದೊಡ್ಡ ಕನ್ನಡಿ, ಮೂಲೆಯಲ್ಲಿ ಹೊಲಿಗೆ ಯಂತ್ರ, ಎಲ್ಲೆಲ್ಲೂ ಚೂರು ಬಟ್ಟೆ. ಅಮ್ಮ ಮೇಜಿನ ಹಿಂದೆ ನಿಂತು ಕಂದು ಬಣ್ಣದ ಕೋಟಿನ ಬಟ್ಟೆ ಕತ್ತರಿಸುತ್ತಿದ್ದಳು. ಅವಳ ಕತ್ತರಿ ಬೇರೆಯವರ ಕೈಗೆ ಕೂರುವಂಥದ್ದಲ್ಲ. ಸಾಣೆ ಹಿಡಿಯುವವನಿಗೆ ಹೇಳಿ ಅಲಗು ತಿರುಗಿಸಿ ಮಾಡಿಸಿಕೊಂಡದ್ದು. ಬೇಕರಿಯ ಹೆಂಗಸು ತೋಳಿನ ಅಳತೆ ಸರಿಮಾಡಿಸಲು ಬಂದು ಸ್ಟೂಲಿನ ಮೇಲೆ ಕೂತಿದ್ದಳು.

"ಏನ್ರೇ, ಇಬ್ಬರೂ ಒಟ್ಟಿಗೆ? ಯಾರಾದ್ರೂ ಸತ್ರಾ?" ಎಂದಳು ಅಮ್ಮ.

"ಚೀಟಿ ಬಂದಿದೆ ಅಮ್ಮ," ಎಂದ ಬೆಣ್ಣೆ, ಅಕ್ಕ ಬಾಯಿ ತೆರೆಯುವ ಮೊದಲೇ.

ಅಮ್ಮ ಕತ್ತರಿ ಇಟ್ಟು, ಕೈ ಒರೆಸಿಕೊಂಡು ಹಾಳೆಯನ್ನು ತೆಗೆದುಕೊಂಡಳು. ದೂರ ಹಿಡಿದಳು, ಹತ್ತಿರ ಹಿಡಿದಳು. ಗೀರಕ್ಕ ಕಾದಳು. ಅಮ್ಮನ ಮುಖ ಅರಳುತ್ತಾ ಬಂತು.

"ಈಗ ಸರಿಯಾಯ್ತು ನೋಡೇ! ಆವತ್ತು ಮೊದಲ್ನೇದು ತಂದು ತೋರಿಸಿದ್ಯಲ್ಲ, ನನಗೆ ಹಿಡಿಸ್ಲೇ ಇಲ್ಲ. ಬೇಜಾರಾಗುತ್ತೆ ಅಂತ ಸುಮ್ನಿದ್ದೆ. ನನ್ನ ಚಿಕ್ಕಮ್ಮನ ಮಗಳ ಹಾಗಿತ್ತು ಅದು, ಆ ಜಗಳಗಂಟಿ. ಇದು ನಾನು. ಅಚ್ಚು ನಾನೇ!"

ಬೆಣ್ಣೆ ತಲೆ ಎತ್ತಿದ. ಅವನ ಮುಖಕ್ಕೆ ಬಣ್ಣ ಮರಳಿತ್ತು. "ನೋಡಿದ್ಯಾ ಅಕ್ಕ? ಅಮ್ಮನಿಗೇ ಇಷ್ಟ ಆಯ್ತು. ಇನ್ನೇನು?"

ಗೀರಕ್ಕನಿಗೆ ಹೊಡೆಯಲೆತ್ತಿದ ಕೈಯನ್ನು ಯಾರೋ ಹಿಂದಿನಿಂದ ಹಿಡಿದ ಹಾಗಾಯಿತು. ಒಂದು ಗಳಿಗೆ ಅವಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಮೇಜಿನ ಎದುರು ಬದಿಗೆ ಕಣ್ಣು ಹೋಯಿತು. ಕನ್ನಡಿಯಲ್ಲಿ ಅಮ್ಮ ಇದ್ದಳು. ಕೈಯಲ್ಲಿ ಹಾಳೆ ಹಿಡಿದ ಅಮ್ಮ. ಬೈತಲೆ, ಕೆನ್ನೆಯ ಮಚ್ಚೆ, ಸ್ವಲ್ಪ ಎತ್ತರಕ್ಕಿರುವ ಒಂದು ಹುಬ್ಬು ಎಲ್ಲವೂ ಆ ಹಾಳೆಯ ಮೇಲೆ ಇದ್ದ ಕಡೆಯಲ್ಲೇ ಕನ್ನಡಿಯಲ್ಲೂ ಇದ್ದವು. ನಲವತ್ತು ವರ್ಷಗಳಿಂದ ಅಮ್ಮ ಬಟ್ಟೆ ಕತ್ತರಿಸುತ್ತಾ ತಲೆ ಎತ್ತಿದಾಗೆಲ್ಲ ನೋಡಿದ್ದು ಈ ಮುಖವನ್ನೇ. ತನ್ನ ಮುಖ ಬೇರೆಯವರಿಗೆ ಹೇಗೆ ಕಾಣುತ್ತದೆಂದು ಅವಳಿಗೆ ಗೊತ್ತಿರಲೇ ಇಲ್ಲ. ಅಚ್ಚಿನ ಮೇಲೆ ದಿನವೂ ತಿರುವುಮುರುವಾಗಿ ಕೆತ್ತುವ ಗೀರಕ್ಕನಿಗೆ ಇದು ಹೊಳೆಯಬೇಕಿತ್ತು. ಹೊಳೆದಿರಲಿಲ್ಲ.

"ಅಮ್ಮ, ಅದು ನಿನಗೆ ಕನ್ನಡಿಯ ಹಾಗೆ ಕಾಣುತ್ತೆ, ಅದಕ್ಕೇ ನೀನೇ ಅನ್ನಿಸ್ತಿದೆ. ಬೇರೆಯವರಿಗೆ ಹಾಗೆ ಕಾಣಲ್ಲ."

"ಏನು ಬೇರೆ ಕಾಣೋದು? ಕತ್ತರಿ ನೋಡು, ಈ ಕಡೇನೇ ಇದೆ. ಕನ್ನಡೀಲೂ ಈ ಕಡೇನೇ."

ಗೀರಕ್ಕ ಹಾಳೆಯನ್ನು ಬೇಕರಿಯ ಹೆಂಗಸಿನ ಮುಂದೆ ಹಿಡಿದಳು. "ನೀವು ಹೇಳಿ. ಇವಳು ಯಾವ ಕೈಲಿ ಕತ್ತರಿ ಹಿಡಿದಿದಾಳೆ?"

"ಅಕ್ಕಾ ಬೇಡ," ಎಂದ ಬೆಣ್ಣೆ.

ಬೇಕರಿಯ ಹೆಂಗಸು ಕಣ್ಣು ಕಿರಿದು ಮಾಡಿ ನೋಡಿದಳು. ತನ್ನ ಎರಡೂ ಕೈ ಎತ್ತಿ ಹೋಲಿಸಿಕೊಂಡಳು. "ಬಲಗೈಲಿ. ಇದು ನೀವಲ್ಲ ಬಿಡ್ರಮ್ಮಾ. ನಿಮ್ಮ ಥರಾನೇ ಇರೋ ಯಾರೋ ಬೇರೆ ದರ್ಜಿ." ಆಮೇಲೆ ತಾನು ಏನೋ ಕೆಡಿಸಿದೆ ಎನ್ನಿಸಿ, "ಚೆನ್ನಾಗಿದೆ, ಚೆನ್ನಾಗಿದೆ" ಎಂದು ಸೇರಿಸಿದಳು.

ಅಮ್ಮ ಹಾಳೆಯನ್ನು ಮತ್ತೆ ತೆಗೆದುಕೊಂಡಳು. ಕನ್ನಡಿಗೆ ಬೆನ್ನು ಮಾಡಿ ನಿಂತು, ಬಹಳ ಹೊತ್ತು ನೋಡಿದಳು. ಎಡಗೈ ತಾನಾಗಿ ಎದ್ದು ಗಾಳಿಯಲ್ಲಿ ಕತ್ತರಿಯಾಡಿಸಿತು. ಚಿತ್ರದ ಕೈಯನ್ನೂ ತನ್ನ ಕೈಯನ್ನೂ ನೋಡಿದಳು. ಹಿಗ್ಗು ಒಂದೊಂದೇ ಪದರವಾಗಿ ಮುಖದಿಂದ ಇಳಿಯುವುದನ್ನು ಗೀರಕ್ಕ ಕಂಡಳು. ಕಂಡು ತನ್ನ ತುಟಿ ಕಚ್ಚಿಕೊಂಡಳು.

"ಯಾರು ಮಗುಚಿದ್ದು?"

ಬೆಣ್ಣೆಯೇ ಮಾತಾಡಿದ. "ಅಮ್ಮ, ನಾಲ್ಕು ಜನ ನೋಡೋ ವಸ್ತು. ನೋಡೋರ ಕಣ್ಣಿಗೆ ವಿಚಿತ್ರ ಅನ್ನಿಸ್ಬಾರ್ದು ಅಂತ. ಅಂಚೆ ಇಲಾಖೆಯವರು ಫೋನ್ ಮಾಡಿದ್ರು, ಅಕ್ಕ ತಪ್ಪಿ ಕೆತ್ತಿರ್ಬೇಕು ಅಂದ್ರು. ನಾನು ಹೂಂ ಅಂದೆ ಅಷ್ಟೇ. ನಿನ್ನ ಒಳ್ಳೇದಕ್ಕೇ."

"ತಪ್ಪು ಅಂದ್ಯಾ?"

"ಕೆತ್ತಿದ್ದು ತಪ್ಪು ಅಂತ..."

"ಕೆತ್ತಿದ್ದು ನನ್ನ ಕೈಯನ್ನಲ್ವೇನೋ!"

ಬೇಕರಿಯ ಹೆಂಗಸು ಸ್ಟೂಲಿನಿಂದ ಅರ್ಧ ಎದ್ದಳು. ಅಮ್ಮ ಅವಳ ಕಡೆ ನೋಡದೆ, "ಕೂತ್ಕೊಳ್ಳಿ, ನಿಮ್ಮ ತೋಳು ಇನ್ನೂ ಆಗಿಲ್ಲ" ಎಂದಳು. ಅವಳು ಕೂತಳು.

"ಹೊಲಿಗೆ ಕಲಿಯೋಕೆ ಹೋದಾಗ ಅಲ್ಲಿನ ಮೇಷ್ಟ್ರು ನನ್ನ ಈ ಕೈಯನ್ನ ಅಳತೆ ಪಟ್ಟೀಲಿ ಕುರ್ಚಿಗೆ ಕಟ್ಟಿ ಹಾಕಿದ್ದ," ಎಂದಳು ಅಮ್ಮ. ಧ್ವನಿ ಏರಿರಲಿಲ್ಲ. "ಬಲಗೈಲಿ ಕತ್ತರಿಸು ಅಂದ. ಬಟ್ಟೆ ಹಾಳಾಯ್ತು. ಹಾಳಾದದ್ದಕ್ಕೆ ಮತ್ತೆ ಬೈದ. ಅವನು ಹೊರಗಿನೋನು, ಬೈದ, ಬಿಡು. ಈ ಕೈಲೇ ನಿನಗೆ ಹೊಲಿದೆ. ಈ ಕೈಲೇ ನಿನ್ನ ಫೀಸು ಕಟ್ಟಿದೆ. ನಿನ್ನ ಮೈಮೇಲಿರೋ ಆ ಕೋಟು ಯಾವ ಕೈಯದೋ? ಹೇಳು. ಅದೂ ತಪ್ಪೇನೋ?"

ಬೆಣ್ಣೆ ಕೋಟಿನ ಗುಂಡಿ ಹಿಡಿದುಕೊಂಡು ನಿಂತ.

ಗೀರಕ್ಕ ನಡುವೆ ಬಾಯಿ ಹಾಕಿದಳು. "ಅದಕ್ಕೇ ಹೇಳ್ತಿದೀನಿ ಅಮ್ಮ, ಇವನಿಗೆ ಸ್ವಲ್ಪನಾದ್ರೂ..."

"ನೀನು ಸುಮ್ಮನಿರು. ನಿನ್ನ ಸಿಟ್ಟು ಆಮೇಲೆ. ಇದು ನನ್ನದು."

ಗೀರಕ್ಕ ಸುಮ್ಮನಾದಳು. ಅವಳ ಜನ್ಮದಲ್ಲಿ ಸಿಟ್ಟಿನ ವಿಷಯದಲ್ಲಿ ಯಾರಾದರೂ ಅವಳನ್ನು ಹಿಂದಿನ ಸಾಲಿಗೆ ಕಳಿಸಿದ್ದು ಅದೇ ಮೊದಲು.

"ಈಗ ಇದನ್ನ ಏನು ಮಾಡ್ಬಹುದು?" ಎಂದು ಕೇಳಿದಳು ಅಮ್ಮ.

ಗೀರಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಿರುಗಿಸಲು ಆಗುವುದಿಲ್ಲ. ಹೀಗೇ ಬಿಡಬೇಕು, ಇಲ್ಲವೇ ತೆಗೆಸಬೇಕು. ಸಂಜೆಯೊಳಗೆ. "ತೆಗೆಸಿದ್ರೆ ನೀನು ಇರಲ್ಲ ಅಮ್ಮ. ಮತ್ತೆ ಯಾವತ್ತು ಅಂತ ಗೊತ್ತಿಲ್ಲ. ಬರ್ದೇನೂ ಇರಬಹುದು. ನಿನ್ನ ಜಾಗದಲ್ಲಿ ಕುಂಬಾರ ಬರ್ತಾನೆ."

"ಯಾವ ಕುಂಬಾರ?"

"ಆ ಸಲಹೆಗಾರ ಬರೆದ ಕುಂಬಾರ."

"ಚೆನ್ನಾಗಿದೆಯಾ?"

"ಮಡಕೆ ಪರವಾಗಿಲ್ಲ. ಕುಂಬಾರ ಸತ್ತ ಹೆಣದ ಹಾಗಿದಾನೆ."

ಅಮ್ಮ ನಗಲಿಲ್ಲ. ಬೇಕರಿಯ ಹೆಂಗಸು ನಗಲು ಹೋಗಿ ಕೆಮ್ಮಿದಳು. ಅಮ್ಮ ಹಾಳೆಯನ್ನು ಮೇಜಿನ ಮೇಲಿಟ್ಟು, ಅದರಲ್ಲಿದ್ದ ತನ್ನ ಮುಖದ ಮೇಲೆ ಒಂದು ಬೆರಳನ್ನು ಮೆಲ್ಲಗೆ ಆಡಿಸಿದಳು. ಆ ಬೆರಳು ಹೋದ ರೀತಿಯಲ್ಲೇ ಅವಳಿಗೆ ಎಷ್ಟು ಆಸೆಯಿತ್ತೆಂದು ಗೀರಕ್ಕನಿಗೆ ಗೊತ್ತಾಯಿತು. ಆಗಲೇ ತಮ್ಮನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು.

"ನನ್ನ ಹಾಗೇ ಇದೆ," ಎಂದಳು ಅಮ್ಮ. "ನನಗೇ ಆದ್ರೆ ಇದೇ ಸಾಕು. ಆದ್ರೆ ನನಗೆ ನೋಡ್ಕೊಳ್ಳೋಕೆ ಕನ್ನಡಿ ಇದೆಯಲ್ಲ. ಚೀಟಿ ಊರಿನೋರಿಗೆ." ಹಾಳೆಯನ್ನು ಮಡಿಸಿ ಪಕ್ಕಕ್ಕೆ ತಳ್ಳಿದಳು. "ತೆಗೆಸು."

"ಅಮ್ಮ, ನೀನು ಎಲ್ಲರಿಗೂ ಹೇಳಿದೀಯ," ಎಂದ ಬೆಣ್ಣೆ. ಅವನ ಧ್ವನಿಯಲ್ಲಿ ಈಗ ಬೆಣ್ಣೆ ಉಳಿದಿರಲಿಲ್ಲ. "ಜನ ಕೇಳ್ತಾರೆ. ಏನಂತ ಹೇಳ್ತೀಯ?"

"ಅದನ್ನ ಆಮೇಲೆ ನೋಡೋಣ. ಈಗ ಫೋನ್ ಮಾಡು."

"ಅಕ್ಕ ಮಾಡ್ತಾಳೆ."

"ಅವಳು ಯಾಕೆ? ಹೂಂ ಅಂದೋನು ನೀನು. ಅದೇ ಬಾಯಲ್ಲಿ ಊಹೂಂ ಅನ್ನು."

ಬೆಣ್ಣೆ ಅಕ್ಕನ ಮುಖ ನೋಡಿದ. ಅಲ್ಲಿ ಏನೂ ಸಿಗಲಿಲ್ಲ. ಬಾಗಿಲ ಹೊರಗೆ ಹೋಗಿ ಮಾತಾಡಲು ಒಂದು ಹೆಜ್ಜೆ ಇಟ್ಟ. "ಇಲ್ಲೇ," ಎಂದಳು ಅಮ್ಮ. ಅವನು ಕನ್ನಡಿಯ ಪಕ್ಕ ನಿಂತು ಫೋನ್ ಕಿವಿಗಿಟ್ಟುಕೊಂಡ.

"ಸಾರ್, ನಾನು... ಹೌದು. ಆ ದರ್ಜಿ ಚೀಟಿ ವಿಷಯ. ತೆಗೆದುಬಿಡಿ ಸಾರ್. ಇಲ್ಲ, ಅಕ್ಕನ ಹಟ ಅಲ್ಲ." ಅವನು ಉಗುಳು ನುಂಗಿದ. "ಕಾರಣ... ಕಾರಣ ಅಂದ್ರೆ, ಅಕ್ಕ ಕೆತ್ತಿದ್ದೇ ಸರಿ ಇತ್ತು. ನಾನು ನಿಮಗೆ ಸುಳ್ಳು ಹೇಳಿದ್ದೆ. ನಮ್ಮಮ್ಮ ಎಡಗೈಯವರು."

ಆ ಕಡೆಯಿಂದ ಬಹಳ ಮಾತು ಬಂತು. ಬೆಣ್ಣೆ ಹೂಂಗುಟ್ಟುತ್ತಾ ನಿಂತ. ಕುತ್ತಿಗೆಯ ಹಿಂಭಾಗ ಕೆಂಪಗಾಗಿತ್ತು. ಗೀರಕ್ಕ ನೋಡುತ್ತಲೇ ಇದ್ದಳು. ಕನಿಕರ ಬರಬಹುದು ಎಂದುಕೊಂಡಿದ್ದಳು. ಬರಲಿಲ್ಲ. ಶುಕ್ರವಾರ ಮಂತ್ರಿ ಬಿಡುಗಡೆ ಮಾಡುವ ಕುಂಬಾರ ಕಣ್ಣೆದುರು ಬಂದ. ಅವನ ಹೆಣದಂಥ ಮುಖ ಲಕೋಟೆ ಲಕೋಟೆಯ ಮೇಲೂ ಕೂರುತ್ತದೆ. ಅಮ್ಮನನ್ನು ಕೆತ್ತಿದ ಆ ಮರದ ತುಂಡು ಅವಳ ಕೆಲಸದ ಕೋಣೆಯಲ್ಲೇ ಇತ್ತು. ಅದನ್ನು ಇನ್ನೊಂದು ಸಮಿತಿಯ ಮುಂದೆ ಇಡಲು, ಇನ್ನೊಬ್ಬ ಸಲಹೆಗಾರನಿಗೆ ಮೊದಲಿನಿಂದ ವಿವರಿಸಲು ಅವಳಿಗೆ ಎಷ್ಟು ವರ್ಷ ಬೇಕೋ. ಅಷ್ಟರೊಳಗೆ ಅಮ್ಮ... ಆ ಯೋಚನೆಯನ್ನು ಅವಳು ಅಲ್ಲಿಗೇ ಕತ್ತರಿಸಿದಳು.

ಬೆಣ್ಣೆ ಫೋನ್ ಇಳಿಸಿದ. "ಆಯ್ತು. ತೆಗೀತಾರಂತೆ."

"ಹೂಂ. ಬೇಕರಿಯಮ್ಮ, ಸ್ವಲ್ಪ ಏಳಿ, ನಿಮ್ಮ ತೋಳು ನೋಡೋಣ." ಅಮ್ಮ ಅಳತೆ ಪಟ್ಟಿ ಎಳೆದಳು. ತೋಳು ಅಳೆದಾದ ಮೇಲೆ ಖಾಲಿಯಾದ ಸ್ಟೂಲನ್ನು ಕಾಲಿನಿಂದ ಬಾಗಿಲ ಹತ್ತಿರಕ್ಕೆ ಸರಿಸಿದಳು. "ನೀನು ಇಲ್ಲಿ ಕೂತ್ಕೋ."

"ಯಾಕಮ್ಮಾ?"

"ಸಂಜೆ ಆಯ್ತು ಅಂದ್ರೆ ಒಬ್ಬೊಬ್ಬರೇ ಬರ್ತಾರೆ. ಚೀಟಿ ಯಾವಾಗ, ಚೀಟಿ ಯಾವಾಗ ಅಂತ ಪ್ರಾಣ ತಿಂತಾರೆ. ನನಗೆ ಕೆಲಸ ಇದೆ. ನೀನು ಹೇಳು."

"ನನಗೆ ನಾಳೆಯ ಪಾಠ ಇದೆ ಅಮ್ಮ."

"ಇದೂ ಪಾಠಾನೇ. ಕೂತ್ಕೋ."

ಅವನು ಕೂತ. ಮೊಣಕಾಲ ಮೇಲೆ ಕೈ ಇಟ್ಟುಕೊಂಡು, ತರಗತಿಯ ಹೊರಗೆ ನಿಲ್ಲಿಸಿದ ಹುಡುಗನ ಹಾಗೆ. ಬೇಕರಿಯ ಹೆಂಗಸು ಮಾತ್ರ ಹೊರಡುವ ಸೂಚನೆಯನ್ನೇ ತೋರಿಸಲಿಲ್ಲ. ಗೋಡೆಗೆ ಒರಗಿ ನಿಂತಳು. ಗೀರಕ್ಕ ಅಂಗಡಿಯ ಒಳಗೆ ನಿಲ್ಲಲಾರದೆ, ಹೊರಗೂ ಹೋಗಲಾರದೆ ಹೊಸ್ತಿಲಲ್ಲಿ ಬೆರಳ ಗೆಣ್ಣು ಮುರಿಯುತ್ತಾ ನಿಂತಳು. ಕೂಗಾಡಿದ್ದರೆ ಇಷ್ಟೊತ್ತಿಗೆ ಹಗುರವಾಗುತ್ತಿತ್ತು. ಅಮ್ಮ ಅದಕ್ಕೂ ಜಾಗ ಬಿಟ್ಟಿರಲಿಲ್ಲ.

ಮೊದಲು ಬಂದವನು ಇಸ್ತ್ರಿ ಅಂಗಡಿಯವನು. ತೋಳಿನ ಮೇಲೆ ಬಟ್ಟೆ ಹೇರಿಕೊಂಡು, ಹಲ್ಲು ಕಿರಿಯುತ್ತಾ, ದೂರದಿಂದಲೇ ಕೂಗಿದ.

"ಏನಮ್ಮಾ, ಸರ್ಕಾರದ ಮುದ್ರೆ ಬಿತ್ತಾ ಮುಖಕ್ಕೆ?"

ಅಮ್ಮನ ಬಾಯಲ್ಲಿ ಗುಂಡುಸೂಜಿಗಳಿದ್ದವು, ಎಡಗೈಯಲ್ಲಿ ಕತ್ತರಿ ಓಡುತ್ತಿತ್ತು. ಅವಳು ಬಟ್ಟೆಯಿಂದ ಕಣ್ಣು ಎತ್ತಲಿಲ್ಲ. ಗದ್ದದಿಂದ ಸ್ಟೂಲಿನ ಕಡೆ ತೋರಿಸಿದಳು. ಇಸ್ತ್ರಿಯವನು ಬೆಣ್ಣೆಯ ಕಡೆ ತಿರುಗಿ ನಿಂತ. ಬೆಣ್ಣೆ ಎದ್ದ, ಕೂತ, ಮತ್ತೆ ಎದ್ದ.

"ಚೀಟಿ ಬರಲ್ಲ," ಎಂದ.

"ಅಯ್ಯೋ, ಯಾಕೆ ಮೇಷ್ಟ್ರೇ?"

ಅಂಗಡಿಯಲ್ಲಿ ಕತ್ತರಿಯ ಸದ್ದು ನಿಂತಿತು.